ಮಾವನವರು ಹೋಗಿಬಂದ ಇಸವಿ

ಕಳೆದ ವಾರ ಮನೆಗೆ ಸುಣ್ಣಬಣ್ಣ ಮಾಡಿಸಲು ಅಟ್ಟ ಖಾಲಿ ಮಾಡುತ್ತಿದ್ದಾಗ ಹಳೆಯ ಕಂಪ್ಯೂಟರಿನ ಡಬ್ಬ ಕೈಗೆ ಸಿಕ್ಕಿತು. ಗುಜರಿಗೆ ಹಾಕುವ ಮುಂಚೆ ಒಳಗೆ ಹಲ್ಲಿಗಿಲ್ಲಿ ಸಂಸಾರ ಹೂಡಿದೆಯೋ ನೋಡೋಣವೆಂದು ಪಕ್ಕದ ತಗಡು ಬಿಚ್ಚಿದೆ. ಘಮ್ಮೆಂದು ಸಾಂಬ್ರಾಣಿ ವಾಸನೆ ಬಂತು. ನಿಮ್ಮ ಮನೆಯ ಹಳೆಯ ಕಂಪ್ಯೂಟರು ಏನು ವಾಸನೆ ಬರುತ್ತದೋ ನಾನು ಕಾಣೆ. ಧೂಳು, ಸುಟ್ಟ ವೈರು, ಹೆಚ್ಚೆಂದರೆ ಇಲಿ. ನಮ್ಮದು ಮಾತ್ರ ಇಪ್ಪತ್ತು ವರ್ಷವಾದರೂ ದೇವರ ಮನೆಯಂತೆ ಘಮಘಮಿಸುತ್ತಿದೆ. ಪ್ರತಿ ಶುಕ್ರವಾರ ನಮ್ಮ ಮಾವನವರು ದೇವರಿಗೆ ಧೂಪ ಹಾಕಿ, ಮಿಕ್ಕ ಹೊಗೆಯನ್ನು ತಂದು ಅದರ ಮುಂದಿನ ಜಾಲರಿಗೆ ಹಿಡಿಯುತ್ತಿದ್ದರು. ಒಳಗಿನ ಫ್ಯಾನು ಹೊಗೆಯನ್ನು ಸರ್ರೆಂದು ಎಳೆದುಕೊಳ್ಳುತ್ತಿತ್ತು. "ನೋಡಮ್ಮ, ಎಷ್ಟು ಭಕ್ತಿಯಿಂದ ಎಳ್ಕೊಳ್ಳುತ್ತೆ! ನಿನ್ನ ಗಂಡನಿಗೂ ಇಷ್ಟು ಭಕ್ತಿ ಇಲ್ಲ" ಎನ್ನುತ್ತಿದ್ದರು.

ಮಾವನವರು ಮುಳಬಾಗಿಲಿನಲ್ಲಿ ಜೋಯಿಸರು. ತಾಯಲೂರಿನಿಂದ ಹಿಡಿದು ಆಂಧ್ರದ ಗಡಿಯವರೆಗೆ ಯಾರ ಮನೆಯಲ್ಲಿ ಮದುವೆಯಾಗಲಿ, ಬೋರ್‌ವೆಲ್ ಕೊರೆಸುವುದಾಗಲಿ, ಮುಹೂರ್ತ ಕೇಳಲು ನಮ್ಮ ಜಗಲಿಗೇ ಬರುತ್ತಿದ್ದರು. ನಾನು ಅವರ ಸೊಸೆ. ಕೋಲಾರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ನನ್ನದು ಮೂಲಾ ನಕ್ಷತ್ರ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಆಗಿಬರುವುದಿಲ್ಲವೆಂದು ಊರಿಗೆಲ್ಲ ಗೊತ್ತು. ಆ ಒಂದು ಕಾರಣಕ್ಕೆ ನಾಲ್ಕು ಕಡೆಯವರು ನನ್ನ ಜಾತಕ ವಾಪಸು ಕಳಿಸಿದ್ದರು. ಐದನೆಯವರು ಸ್ವತಃ ಜೋಯಿಸರು. ಅವರು ಜಾತಕವನ್ನು ಕನ್ನಡಕ ಏರಿಸಿ ನೋಡಿ, ಕನ್ನಡಕ ಇಳಿಸಿ ನೋಡಿ, "ಮಾವನಿಗೆ ಕಂಟಕ ಅಲ್ವಾ? ಮಾವ ನಾನು. ನಾನು ಒಪ್ಪಿದೀನಿ, ಇನ್ಯಾರದೇನು?" ಎಂದರಂತೆ. ಅಂದಿನಿಂದ ಈ ಮನುಷ್ಯನ ಮೇಲೆ ನನಗೆ ವಿಪರೀತ ಪ್ರೀತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಅವರಿಗೆ ಮಾಡಿದ್ದು ಸಣ್ಣ ಕಂಟಕವೇನಲ್ಲ.

ಆಗ ಎರಡು ಸಾವಿರದ ಐದನೇ ಇಸವಿಯ ಸುಮಾರು. ನನಗೆ ಲಿನಕ್ಸ್ ಹುಚ್ಚು; ಎಲ್ಲರೂ ಬಳಸುವುದನ್ನು ಬಿಟ್ಟು ಕಂಪ್ಯೂಟರು ನಡೆಸಲು ಇರುವ ಇನ್ನೊಂದು ವ್ಯವಸ್ಥೆ ಅದು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುತ್ತಾರಲ್ಲ, ಆ ದಾರಿ ನನ್ನದು. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಅದನ್ನು ಮನೆಯ ಎರಡೂ ಕಂಪ್ಯೂಟರಿಗೆ ಹಾಕಿದ್ದೆ. ಒಂದು ನಡುಮನೆಯಲ್ಲಿ, ಮಾವನವರದು. ಇನ್ನೊಂದು ಮಹಡಿಯ ಕೋಣೆಯಲ್ಲಿ, ನನ್ನದು. ಮಾಲೂರಿನಲ್ಲಿ ಕೆಲಸದಲ್ಲಿದ್ದ ನಮ್ಮ ಯಜಮಾನರಿಗೆ ಕಂಪ್ಯೂಟರೆಂದರೆ ಅದರ ಮೇಲೆ ಹೊದಿಸುವ ಹೂವಿನ ಬಟ್ಟೆ ಮಾತ್ರ, ಅವರ ವಿಚಾರ ಬಿಡಿ. ಮಾವನವರಿಗಾಗಿ ನಾನೇ ಒಂದು ಪಂಚಾಂಗದ ಪ್ರೋಗ್ರಾಮು ಬರೆದುಕೊಟ್ಟಿದ್ದೆ. ಗುಂಡಿ ಒತ್ತಿದರೆ ಇವತ್ತಿನ ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಲ್ಲ ಮುಳಬಾಗಿಲಿನ ಸೂರ್ಯೋದಯಕ್ಕೆ ಸರಿಯಾಗಿ ಬರುತ್ತಿತ್ತು. ಕೊರತೆ ಒಂದೇ, ಅದು ಇವತ್ತಿನದನ್ನು ಮಾತ್ರ ಹೇಳುತ್ತಿತ್ತು. ನಾಳೆಯದು ಬೇಕೆಂದರೆ ನಾಳೆಯೇ ಬರಬೇಕು.

"ಇವತ್ತು ಯಾವ ತಿಥಿ ಅಂತ ನನಗೇ ಗೊತ್ತಮ್ಮ. ಜನ ಮುಂದಿನ ವೈಶಾಖ ಕೇಳ್ತಾರೆ."

"ಈ ವಾರ ಸರಿ ಮಾಡಿಕೊಡ್ತೀನಿ ಮಾವ" ಎಂದೆ. ಆ ವಾರ ಎರಡು ವರ್ಷ ನಡೆಯಿತು.

ಆದರೆ ಆ ಕಂಪ್ಯೂಟರಿನಲ್ಲಿ ನಿಜವಾಗಿ ನಡೆಯುತ್ತಿದ್ದ ದೊಡ್ಡ ಕೆಲಸ ಪಂಚಾಂಗದ್ದಲ್ಲ, ಅತ್ತೆಯವರ ಹಾಡುಗಳದ್ದು. ಅತ್ತೆಗೆ ಶ್ರೀನಿವಾಸಪುರದಲ್ಲಿ ಒಬ್ಬ ಅಕ್ಕ ಇದ್ದರು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಲಾಲಿ, ಹೆಣ್ಣೊಪ್ಪಿಸುವಾಗ ಅಳಿಸುವ ಹಾಡು, ಅರ್ಧ ಕನ್ನಡ ಅರ್ಧ ತೆಲುಗು, ಎಲ್ಲ ಅವರ ನಾಲಿಗೆಯಲ್ಲೇ ಇದ್ದವು. ಒಂದು ಬೆಳಿಗ್ಗೆ ಆ ಅಕ್ಕ ಹೋಗಿಬಿಟ್ಟರು. ಹದಿಮೂರನೆಯ ದಿನ ಊಟ ಮುಗಿಸಿ ಬಂದ ಅತ್ತೆ, "ಅವಳ ಜೊತೆ ಅರ್ಧ ಹಾಡು ಹೋಯ್ತು. ಮಿಕ್ಕಿದ್ದು ನನ್ನ ಹತ್ರ ಇದೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮರುದಿನ ಊಟವಾದ ಮೇಲೆ ಮಾವನವರು ಕಂಪ್ಯೂಟರಿನ ಮುಂದೆ ಕೂತು, "ಹೂಂ, ಶುರು ಮಾಡು" ಎಂದರು. ಅಂದಿನಿಂದ ದಿನಾ ಮಧ್ಯಾಹ್ನ ಅತ್ತೆ ಅಕ್ಕಿ ಆರಿಸುತ್ತ ಹಾಡುವುದು, ಮಾವ ಒಂದೇ ಬೆರಳಿನಲ್ಲಿ, ಎಲ್ಲವನ್ನೂ ಒಂದೇ ಫೈಲಿಗೆ ಕುಟ್ಟುವುದು. ಒತ್ತಕ್ಷರ ಬಂದಾಗಲೆಲ್ಲ "ನಿಲ್ಲು, ನಿಲ್ಲು" ಎಂದು ಕೈ ಎತ್ತುತ್ತಿದ್ದರು. ಹಾಡು ನಿಂತರೆ ಅತ್ತೆಗೆ ಮುಂದಿನ ಸಾಲು ಮರೆತುಹೋಗುತ್ತಿತ್ತು. ಮೊದಲಿಂದ ಹಾಡಬೇಕಾಗಿ ಬಂದು ಅತ್ತೆ ತೆಲುಗಿಗೆ ತಿರುಗುತ್ತಿದ್ದರು. ನಮ್ಮ ಮನೆಯಲ್ಲಿ ಜಗಳಕ್ಕೆ ಮಾತ್ರ ತೆಲುಗು. "ಊರ್ಕೋಂಡಿ, ಚಾಲು!" ಎಂದರೆ, ಸುಮ್ಮನಿರಿ ಸಾಕು, ಅವತ್ತಿನ ಪಾಠ ಮುಗಿಯಿತೆಂದು ಅರ್ಥ.

ಇಷ್ಟು ಪಡಿಪಾಟಲಿನಿಂದ ಸೇರಿಸಿದ ಹಾಡುಗಳು ಒಂದೇ ಕಡೆ ಇರಬಾರದೆಂದು ನಾನು ಒಂದು ಏರ್ಪಾಡು ಮಾಡಿದೆ. ಕೆಳಗಿನ ಕಂಪ್ಯೂಟರಿನಿಂದ ಮಹಡಿಯದಕ್ಕೆ ವೈರು ಎಳೆದೆ. ಆರ್‌ಸಿಂಕ್ ಎಂಬ ಪ್ರೋಗ್ರಾಮಿಗೆ ಕೆಲಸ ವಹಿಸಿದೆ. ದಿನಾ ಸಂಜೆ ಅದು ಮಾವನವರ ಫೈಲುಗಳನ್ನೆಲ್ಲ ನೋಡಿ, ಬದಲಾದದ್ದನ್ನು ಮೇಲಿನ ಕಂಪ್ಯೂಟರಿಗೆ ನಕಲು ಮಾಡಬೇಕು. ಅದಕ್ಕೆ ಒಂದು ಕಟ್ಟಪ್ಪಣೆಯನ್ನೂ ಕೊಟ್ಟಿದ್ದೆ. ಮೇಲಿರುವ ಪ್ರತಿಯ ತಾರೀಕು ಈಚಿನದಾಗಿದ್ದರೆ, ಕೆಳಗಿನ ಹಳೆಯ ಪ್ರತಿಯನ್ನು ಅದರ ಮೇಲೆ ಹಾಕಕೂಡದು. ಹೊಸದನ್ನು ಹಳೆಯದು ತುಳಿಯಬಾರದು, ಅಷ್ಟೆ. ಎಷ್ಟು ಜಾಣ ಅಪ್ಪಣೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ತರಗತಿಯಲ್ಲಿ ಹುಡುಗರಿಗೆ ಇದನ್ನೇ ಉದಾಹರಣೆ ಕೊಟ್ಟು ಅರ್ಧ ಗಂಟೆ ಕೊರೆದಿದ್ದೂ ಉಂಟು.

ಮರುವರ್ಷ, ಅವರೆಕಾಯಿ ಇಳಿಯುವ ಕಾಲ. ಅತ್ತೆಯ ಗಂಟಲಿನಲ್ಲಿ ಆರೇಳು ತಿಂಗಳಿಂದ ಒಂದು ಗಂಟು ಇತ್ತು. ಕೋಲಾರದ ಡಾಕ್ಟರು ನೋಡೋಣ ನೋಡೋಣ ಎನ್ನುತ್ತಿದ್ದವರು, ಈಗ ಆಪರೇಷನ್ ಆಗಲೇಬೇಕು ಎಂದರು. ಜೀವಕ್ಕೆ ಭಯವಿಲ್ಲ, ಆದರೆ ಧ್ವನಿ ಮೊದಲಿನ ಹಾಗೆ ಉಳಿಯುತ್ತದೆಂದು ಮಾತು ಕೊಡಲಾರೆ ಎಂದರು. "ನಾಡಿದ್ದೇ ಮಾಡೋಣ" ಎಂದ ಡಾಕ್ಟರಿಗೆ ಮಾವನವರು ತಿಥಿ ವಾರ ವಿವರಿಸಿ ಇಪ್ಪತ್ತು ದಿನ ಮುಂದೂಡಿಸಿಕೊಂಡು ಬಂದರು. ಡಾಕ್ಟರು ಹಲ್ಲು ಕಚ್ಚಿಕೊಂಡು ಒಪ್ಪಿದರು. ಮನೆಗೆ ಬಂದು ಮಾವ ಹೇಳಿದ್ದು ಒಂದೇ ಮಾತು. "ಹೋಗಲಿ, ಹಾಡೆಲ್ಲ ಬರ್ಕೊಂಡಾಗಿದೆಯಲ್ಲ. ನೂರ ಹನ್ನೆರಡು."

ಎರಡು ದಿನ ಬಿಟ್ಟು ಕೆಳಗಿನ ಕಂಪ್ಯೂಟರಿನ ಡಿಸ್ಕು ಕಟಕಟವೆಂದು ಹಲ್ಲು ಕಡಿದು ಸತ್ತಿತು. ಮಾವನವರ ಮುಖ ಬಿಳಿಚಿಕೊಂಡಿತು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ, "ಯೋಚನೆ ಮಾಡ್ಬೇಡಿ ಮಾವ, ಎಲ್ಲಾ ಮೇಲಿದೆ. ಇದಕ್ಕೇ ಅಲ್ವಾ ನಾನಿರೋದು" ಎಂದು ಮಹಡಿ ಹತ್ತಿದೆ. ಇಂಥ ಮಾತನ್ನು ಮೆಟ್ಟಿಲು ಇಳಿದ ಮೇಲೆ ಆಡಬೇಕೆಂದು ಈಗ ನನಗೆ ಗೊತ್ತು.

ಮಹಡಿಯ ಪ್ರತಿಯಲ್ಲಿ ನಲವತ್ತೊಂದು ಹಾಡುಗಳಿದ್ದವು. ಎರಡು ಸಲ ಎಣಿಸಿದೆ. ಜೂನ್ ತಿಂಗಳಲ್ಲಿ ಬರೆದ ಒಂದು ಆರತಿ ಹಾಡಿಗೆ ಫೈಲು ನಿಂತುಹೋಗಿತ್ತು. ಆಮೇಲಿನ ಎಪ್ಪತ್ತೊಂದು ಇಲ್ಲವೇ ಇಲ್ಲ. ಚೋದ್ಯವೆಂದರೆ ಮಾವನವರ ಉಳಿದ ಫೈಲುಗಳೆಲ್ಲ ಮೊನ್ನೆಯವರೆಗೆ ನೆಟ್ಟಗೆ ಬಂದು ಕೂತಿದ್ದವು. ಯಾರಿಗೋ ಬರೆದ ಗೃಹಪ್ರವೇಶದ ಸಾಮಾನಿನ ಪಟ್ಟಿ ಇತ್ತು, ಅರಿಶಿನ ಕುಂಕುಮದ ತೂಕದ ಸಮೇತ. ಹಾಡು ಮಾತ್ರ ಇಲ್ಲ.

ಮೂರು ದಿನ ಕಾಲೇಜಿಗೆ ರಜೆ ಹಾಕಿ ನಾನು ಪತ್ತೇದಾರಿಣಿಯಾದೆ. ವೈರನ್ನು ಇಲಿ ಕಡಿದಿದೆಯೇ ಎಂದು ಅಟ್ಟದಲ್ಲಿ ತೆವಳಿದೆ. ಇಲಿ ಇತ್ತು, ವೈರು ಸರಿಯಾಗಿತ್ತು. ಸಂಜೆಯ ಕೆಲಸ ನಡೆದಿದೆಯೇ ಎಂದು ದಾಖಲೆ ನೋಡಿದೆ. ದಿನಾ ತಪ್ಪದೆ ನಡೆದಿದೆ, ದಿನಾ "ಎಲ್ಲ ಸುಸೂತ್ರ" ಎಂದು ವರದಿಯನ್ನೂ ಬರೆದಿದೆ. ಕೋಲಾರದ ಸೈಬರ್ ಕೆಫೆಗೆ ಹೋಗಿ ಲಿನಕ್ಸ್ ಪಂಡಿತರ ಗುಂಪಿಗೆ ಪತ್ರ ಬರೆದೆ. ದೇಶದೇಶದಿಂದ ಹನ್ನೊಂದು ಉತ್ತರ ಬಂದವು. ಒಂಬತ್ತು ಜನ ಮೊದಲು ಪುಸ್ತಕ ಓದು ಎಂದರು, ಇಬ್ಬರು ನೀನು ಹಾಕಿಕೊಂಡಿರುವ ಲಿನಕ್ಸೇ ಸರಿಯಿಲ್ಲ ಎಂದು ತಮ್ಮತಮ್ಮಲ್ಲೇ ಜಗಳಕ್ಕೆ ನಿಂತರು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆಯ ಗಂಟಲು ನೆನೆದು ದಿನ ಎಣಿಸಿದೆ. ಇನ್ನು ಹದಿನೈದು ದಿನ. ಆಮೇಲೆ ಆ ಹಾಡುಗಳನ್ನು ಹಾಡಲು ಭೂಮಿಯ ಮೇಲೆ ಯಾರೂ ಇಲ್ಲ.

ಮೂರನೆಯ ದಿನ ಸಂಜೆ ಅತ್ತೆ ಕಾಫಿ ತಂದುಕೊಟ್ಟು ನನ್ನ ಬೆನ್ನ ಹಿಂದೆ ನಿಂತರು. ತೆರೆಯ ಮೇಲೆ ಫೈಲುಗಳ ಪಟ್ಟಿ, ಎದುರಿಗೆ ಅವುಗಳ ತಾರೀಕು. ಹಾಡಿನ ಫೈಲಿಗೆ ಜೂನ್ ಹದಿಮೂರು ಎಂದಿತ್ತು. ಜೂನ್‌ನಲ್ಲಿ ನಿಂತಿದೆಯೆಂದು ನನಗೆ ಆಗಲೇ ಗೊತ್ತಿದ್ದುದರಿಂದ ಮೂರು ದಿನದಲ್ಲಿ ಆ ಸಾಲಿನ ಮೇಲೆ ಮೂವತ್ತು ಸಲ ಕಣ್ಣಾಡಿಸಿದ್ದೆ. ನಾಲ್ಕನೇ ಕ್ಲಾಸು ಓದಿದ ಅತ್ತೆ ಒಂದೇ ಸಲ ನೋಡಿದರು.

"ಇದೇನೇ ಇದು, ಇಸವಿ ಎರಡು ಸಾವಿರದ ಹತ್ತೊಂಬತ್ತು ಅಂತ ಇದೆ? ಅದಿನ್ನೂ ಬಂದೇ ಇಲ್ವಲ್ಲ?"

ಕಾಫಿ ನನ್ನ ಸೀರೆಯ ಮೇಲೆ ಚೆಲ್ಲಿತು. ಎಲ್ಲ ಅರ್ಥವಾಯಿತು. ಹದಿಮೂರು ಹದಿನಾಲ್ಕು ವರ್ಷ ಮುಂದಿನ ತಾರೀಕು ಹೊತ್ತು ಒಂದು ಪ್ರತಿ ಮೇಲೆ ಬಂದು ಕೂತಿದೆ. ಅದಾದ ಮೇಲೆ ಮಾವನವರು ದಿನಾ ಹೊಸ ಹಾಡು ಸೇರಿಸಿದರೂ ಆ ಪ್ರತಿಗಳ ತಾರೀಕು ಅದಕ್ಕಿಂತ ಹಿಂದಿನದೇ. ಹೊಸದನ್ನು ಹಳೆಯದು ತುಳಿಯಬಾರದೆಂದು ನಾನು ಕಟ್ಟಪ್ಪಣೆ ಕೊಟ್ಟಿದ್ದೇನಲ್ಲ! ಆರ್‌ಸಿಂಕ್ ಪಾಪ, ಏಳು ತಿಂಗಳು ದಿನಾ ಸಂಜೆ ಬಂದು, ತಾರೀಕು ನೋಡಿ, ನನ್ನ ಮಾತನ್ನು ಶಿರಸಾ ಪಾಲಿಸಿ, ಎಪ್ಪತ್ತೊಂದು ಹಾಡುಗಳನ್ನು ಬಾಗಿಲ ಹೊರಗೇ ನಿಲ್ಲಿಸಿತ್ತು.

ಕೆಳಗೆ ಇಳಿದು ಹೋದೆ. ಅತ್ತೆಯೂ ಹಿಂದೆಯೇ ಬಂದರು. ಮಾವನವರು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

"ಮಾವ, ಕಂಪ್ಯೂಟರಲ್ಲಿ ತಾರೀಕು ಬದಲಾಯಿಸಿದ್ರಾ?"

"ದಿನಾ ಬದಲಾಯಿಸ್ತೀನಲ್ಲ" ಎಂದರು ತಣ್ಣಗೆ. "ನಿನ್ನ ಪ್ರೋಗ್ರಾಮು ಇವತ್ತಿಂದು ಮಾತ್ರ ಹೇಳುತ್ತೆ. ಜನಕ್ಕೆ ಮುಂದಿನ ವೈಶಾಖ ಬೇಕು. ಅದಕ್ಕೆ ಮುಂದಿನ ವೈಶಾಖಾನೇ ಇವತ್ತು ಮಾಡ್ಕೊಳ್ತೀನಿ. ನೋಡ್ಕೊಂಡು ವಾಪಸ್ ಬಂದ್ಬಿಡ್ತೀನಿ."

"ತಾರೀಕು ಬದಲಾಯಿಸೋಕೆ ನನ್ನ ಪಾಸ್‌ವರ್ಡ್ ಬೇಕಲ್ಲ ಮಾವ?"

ಮಾವ ಒಂದು ಕಾಯಿ ಬಿಡಿಸಿದರು. "ಮೂಲಾ, ಮೂರನೇ ಪಾದ, ಹುಟ್ಟಿದ ಗಂಟೆ, ನಿಮಿಷ. ನಿನ್ನ ಜಾತಕ ನನ್ನ ಹತ್ರಾನೇ ಇದೆಯಲ್ಲಮ್ಮ. ಬೇರೆ ಏನಿಟ್ಟಿರ್ತೀಯ ನೀನು?"

ಪ್ರಪಂಚದ ಯಾವ ಕಳ್ಳನೂ ಮುರಿಯಲಾರನೆಂದು ನಾನು ಬೀಗುತ್ತಿದ್ದ ಪಾಸ್‌ವರ್ಡು ಅದು. ನಾನು ಸಾವರಿಸಿಕೊಂಡು, ಹಾಗೆ ಹೋದಾಗ ಬೇರೆ ಫೈಲು ಮುಟ್ಟಿದ್ದಿರಾ ಎಂದು ಕೇಳಿದೆ. "ಉಂಟೇ! ಮುಂದಿನ ವರ್ಷದಲ್ಲಿದ್ದಾಗ ಮಡೀಲಿದ್ದ ಹಾಗೆ ಇರ್ತೀನಿ. ಏನೂ ಮುಟ್ಟಲ್ಲ" ಎಂದರು. ಅದೂ ನಿಜವೇ. ಉಳಿದ ಫೈಲುಗಳೇ ಸಾಕ್ಷಿ.

"ಹತ್ತೊಂಬತ್ತನೇ ಇಸವಿಗೆ ಹೋಗಿದ್ದು ಯಾವ ಮದುವೆಗೆ ಮಾವ? ಹದಿನಾಲ್ಕು ವರ್ಷ ಮುಂಚೆ ಮುಹೂರ್ತ ಕೇಳೋರು ಯಾರು?"

ಮಾವನವರ ಕೈ ನಿಂತಿತು. ನನ್ನ ಹಿಂದೆ ನಿಂತಿದ್ದ ಅತ್ತೆಯನ್ನು ನೋಡಿದರು. ಆಮೇಲೆ ಮೊರದಲ್ಲಿದ್ದ ಕಾಳಿಗೆ ಹೇಳುವವರ ಹಾಗೆ ಹೇಳಿದರು. "ಜೂನಲ್ಲಿ ಇವಳ ಗಂಟಲಲ್ಲಿ ಗಂಟು ಕಾಣಿಸ್ತಲ್ಲ, ನಂಗೆ ಜೀವ ನಿಲ್ಲಲಿಲ್ಲ. ಇವಳ ಜಾತಕ ತೆಗ್ದು ಆಯುಸ್ಸಿನ ಲೆಕ್ಕ ಹಾಕ್ದೆ. ಮನೆಯವರದ್ದು ಹಾಕ್ಬಾರ್ದು ಅಂತ ನಮ್ಮಪ್ಪ ಹೇಳಿದ್ರು. ಹಾಕ್ದೆ. ಇನ್ನೂ ಹದಿನಾಲ್ಕು ವರ್ಷ ಅಂತ ಬಂತು. ಆ ದಿನ ಹೇಗಿರುತ್ತೆ, ಒಂದು ಸಲ ನೋಡ್ಕೊಂಡು ಬರೋಣ ಅಂತ ಹೋದೆ. ಚೆನ್ನಾಗಿತ್ತಮ್ಮ. ಜ್ಯೇಷ್ಠ ಶುದ್ಧ ಏಕಾದಶಿ, ಗುರುವಾರ. ಅಷ್ಟರಲ್ಲಿ ಇವಳು ಪಕ್ಕದಲ್ಲಿ ಕೂತು ಆರತಿ ಹಾಡಿನ ಕೊನೇ ಸಾಲು ಹೇಳಿದ್ಲು. ಅಲ್ಲಿದೀನಿ ಅನ್ನೋದೇ ಮರೆತು ಬರ್ಕೊಂಡ್ಬಿಟ್ಟೆ."

ನನಗೆ ಅಳು ಬಂತು. ಹಾಡು ಹೋದದ್ದಕ್ಕೋ, ಈ ಮನುಷ್ಯ ಹೆಂಡತಿಯ ಕೊನೆಯ ದಿನವನ್ನು ಹೋಗಿ ನೋಡಿ ಬಂದು ಏಳು ತಿಂಗಳು ಬಾಯಿ ಬಿಡದೆ ಒತ್ತಕ್ಷರ ಕುಟ್ಟುತ್ತ ಕೂತಿದ್ದಕ್ಕೋ, ತಿಳಿಯದು. ಎರಡು ವರ್ಷದ ಹಿಂದೆಯೇ ನಾನು ಆ ಪ್ರೋಗ್ರಾಮಿಗೆ, ಬೇಕಾದ ತಾರೀಕು ಕೇಳುವ ಒಂದು ಚೌಕ ಬರೆದುಕೊಟ್ಟಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಅತ್ತೆ ಸೆರಗು ಕೊಡವಿದರು.

"ಹದಿನಾಲ್ಕು ವರ್ಷಾನಾ? ಇನ್ನೂ ಹದಿನಾಲ್ಕು ವರ್ಷ ನಾನು ಇವರಿಗೆ ಕಾಫಿ ಮಾಡ್ಬೇಕಾ?"

ಮಾವ ಮೊದಲು ನಕ್ಕರು, ಆಮೇಲೆ ನಾನು. ಅತ್ತೆ ಮಾತ್ರ ನಗದೆ ಮೊರ ಎಳೆದುಕೊಂಡು ಕೂತು, "ಎಷ್ಟು ಹೋಗಿವೆ? ಎಪ್ಪತ್ತೊಂದಾ? ಹದಿನೈದು ದಿನ ಇದೆ. ಅಳ್ತಾ ಕೂತ್ಕೋಬೇಡ, ಪುಸ್ತಕ ತಗೊಂಬಾ" ಎಂದರು. "ಮೂಲಾ ನಕ್ಷತ್ರ ಮಾವನಿಗೆ ಏನೂ ಮಾಡ್ಲಿಲ್ಲ ನೋಡು, ಫೈಲಿಗೆ ಮಾಡ್ತು" ಎಂದರು ಮಾವ.

ಆ ಹದಿನೈದು ದಿನ ನಮ್ಮ ಮನೆಯಲ್ಲಿ ಹಿತಕಿದ ಬೇಳೆ ಸಾರು ಬಿಟ್ಟು ಬೇರೆ ಅಡುಗೆ ಆಗಲಿಲ್ಲ, ಏಕೆಂದರೆ ಅಕ್ಕಿ ಆರಿಸುವುದು ಬಿಟ್ಟರೆ ಕೂತಲ್ಲೇ ಹಾಡುತ್ತ ಮಾಡಬಹುದಾದ ಕೆಲಸ ನೆನೆದ ಅವರೆಕಾಳಿನ ಸಿಪ್ಪೆ ಹಿತುಕುವುದೊಂದೇ. ಅತ್ತೆ ಹಾಡುವುದು, ನಾನು ನೋಟ್‌ಬುಕ್ಕಿಗೆ ಗೀಚುವುದು, ಮಾವ ಹೊಸ ಡಿಸ್ಕಿಗೆ ಕುಟ್ಟುವುದು. ಮೊದಲ ಸಲ ರಾಮನಿಗೆ ಎತ್ತಿದ ಆರತಿ ಈ ಸಲ ಕೃಷ್ಣನಿಗೆ ಹೋಗುತ್ತಿತ್ತು. ಮಾವ ಆಕ್ಷೇಪಿಸಿದರೆ, "ಇಬ್ರೂ ಒಂದೇ, ಬರ್ಕೊಳಿ" ಎನ್ನುತ್ತಿದ್ದರು. ಎಪ್ಪತ್ತೊಂದು ಹೋಗಿದ್ದವು, ಎಪ್ಪತ್ನಾಲ್ಕು ಬಂದವು. ಹೆಚ್ಚಿನ ಮೂರು ಎಲ್ಲಿಂದ ಬಂದವೆಂದು ಯಾರೂ ಕೇಳಲಿಲ್ಲ. ಆಪರೇಷನ್ನಿಗೆ ಹೋಗುವ ದಿನ ಬೆಳಿಗ್ಗೆ ಅತ್ತೆ ಕೊನೆಯದಾಗಿ ಹೆಣ್ಣೊಪ್ಪಿಸುವ ಹಾಡನ್ನು ಪೂರ್ತಿ ಹಾಡಿದರು. ಮಾವ ಒಂದು ಸಲವೂ "ನಿಲ್ಲು" ಎನ್ನಲಿಲ್ಲ. ಅವರು ಕುಟ್ಟುತ್ತಲೇ ಇರಲಿಲ್ಲ.

ಅತ್ತೆಯ ಜೀವಕ್ಕೆ ಏನೂ ಆಗಲಿಲ್ಲ. ಧ್ವನಿ ಮಾತ್ರ ಒಡೆದು ಗೊಗ್ಗರಾಯಿತು. ಬೈಯಲು ಧಾರಾಳ ಸಾಕಿತ್ತು, ಹಾಡಲು ಸಾಲದಾಯಿತು. ನಾನು ತಾರೀಕಿನ ಚೌಕವನ್ನೂ ಬರೆದುಕೊಟ್ಟೆ. ಎರಡು ವರ್ಷ ಮುಂದೂಡಿದ ಆ ಕೆಲಸ ಇಪ್ಪತ್ತು ನಿಮಿಷ ಹಿಡಿಯಿತು.

ಮಾವನವರು ತಮ್ಮ ದಿನವನ್ನು ಯಾವತ್ತೂ ನೋಡಿಕೊಂಡಿರಲಿಲ್ಲವೆಂದು ಕಾಣುತ್ತದೆ. ಕೋಲಾರಕ್ಕೆ ಹೋಗಬೇಕೆಂದರೆ ಬಸ್ ಸ್ಟ್ಯಾಂಡಿಗೆ ಒಂದು ಗಂಟೆ ಮುಂಚೆ ಹೋಗಿ ಕೂರುವ ಮನುಷ್ಯ, ಅತ್ತೆಯ ಆ ಗುರುವಾರಕ್ಕೆ ಐದು ವರ್ಷ ಮುಂಚೆಯೇ ಹೊರಟುಬಿಟ್ಟರು. ಅವತ್ತು ಕಾಲೇಜಿನಲ್ಲಿ ಪರೀಕ್ಷೆ, ನಾನು ಮನೆಯಲ್ಲಿರಲಿಲ್ಲ. ಮುಹೂರ್ತ ನೋಡದೆ ಅವರು ಮಾಡಿದ ಒಂದೇ ಪ್ರಯಾಣ ಅದು.

ಆ ಗುರುವಾರವೂ ಬಂತು. ಅತ್ತೆಗೆ ಮರೆತಿರಬಹುದೆಂದು ನಾನು, ನನಗೆ ಮರೆತಿರಬಹುದೆಂದು ಅತ್ತೆ. ಅವರು ಬೆಳಗಾಗುವ ಮುಂಚೆ ತಲೆಗೆ ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟು ಜಗಲಿಯಲ್ಲಿ ಕೂತರು. ನಾನು ಕಾಲೇಜಿಗೆ ರಜೆ ಹಾಕಿ ಅವರ ಸುತ್ತಮುತ್ತಲೇ ಇಲ್ಲದ ಕೆಲಸ ಹುಡುಕಿಕೊಂಡು ಓಡಾಡಿದೆ. ದೀಪ ಹಚ್ಚುವ ಹೊತ್ತಾಯಿತು.

"ನೀನ್ಯಾಕೆ ಇವತ್ತು ಕಾಲೇಜಿಗೆ ಹೋಗ್ಲಿಲ್ಲ?"

"ತಲೆನೋವು ಅತ್ತೆ."

"ನಂಗೂ ಅದೇ ತಲೆನೋವು ಕಣೇ." ಬೀದಿಯ ಕಡೆ ತಿರುಗಿ, "ಇವರ ಲೆಕ್ಕ ಒಂದೂ ಸರಿ ಇರ್ಲಿಲ್ಲ" ಎಂದು ಅತ್ತರು. ಆಮೇಲೆ ಮೂಗೊರೆಸಿಕೊಂಡು, "ನಾಳೆ ದ್ವಾದಶಿ, ಬೇಗ ಊಟ. ಅಕ್ಕಿ ಆರಿಸಿಟ್ಟಿದೀಯಾ?" ಎಂದರು.

ಇದೆಲ್ಲ ಆಗಿ ಆರೇಳು ವರ್ಷವಾಯಿತು. ಅತ್ತೆಗೆ ಈಗ ಎಂಬತ್ತೆಂಟು. ಸಾಂಬ್ರಾಣಿ ವಾಸನೆಯ ಆ ಡಬ್ಬವನ್ನು ಕೆಳಗಿಳಿಸಿ ತಂದು ಅವರ ಮುಂದಿಟ್ಟೆ. ಮೂಸಿ ನೋಡಿ, ಹಲ್ಲಿಲ್ಲದ ಬಾಯಲ್ಲಿ ನಕ್ಕು, ಆ ಒಡಕು ಧ್ವನಿಯಲ್ಲೇ ಏನೋ ಗುನುಗಿದರು.

"ಗ್ರಹಣ ಬರೋ ಗಳಿಗೆ ಬಲ್ಲ ನಮ್ಮನೆ ಜೋಯಿಸ, ಹಾಲು ಉಕ್ಕೋ ಗಳಿಗೆ ಕಾಣ ನಮ್ಮನೆ ಜೋಯಿಸ..."

ನೂರ ಹದಿನೈದು ಹಾಡುಗಳು ನನಗೆ ಸಾಲುಸಾಲಾಗಿ ಗೊತ್ತು. ನಾಲ್ಕು ಕಡೆ ನಕಲು ಮಾಡಿ ಇಟ್ಟಿದ್ದೇನೆ. ಇದು ಅದರಲ್ಲಿಲ್ಲ.

"ಇದ್ಯಾವುದು ಅತ್ತೆ? ಬರೆಸೇ ಇಲ್ವಲ್ಲ?"

"ಬರ್ಕೊಳೋರು ಅವರು. ಅವರ ಮೇಲೆ ನಾನೇ ಕಟ್ಟಿದ ಹಾಡನ್ನ ಅವರ ಕೈಲೇ ಬರೆಸಕ್ಕಾಗುತ್ತೇನೇ?"

"ಇಂಥವು ಎಷ್ಟಿವೆ?"

"ಐವತ್ತೊಂಬತ್ತು ವರ್ಷ ಸಂಸಾರ ಮಾಡಿದೀನಿ. ನೀನೇ ಅಂದಾಜು ಮಾಡ್ಕೋ."

ನಾನು ಓಡಿಹೋಗಿ ನೋಟ್‌ಬುಕ್ಕು, ಪೆನ್ನು ತಂದು ಕಾಲು ಮಡಚಿ ಕೂತೆ. ಅತ್ತೆ ಬಾಯಿ ತೆರೆದವರು ಗೋಡೆಯ ಕಡೆ ನೋಡಿ ನಿಲ್ಲಿಸಿದರು. ಗೋಡೆಯ ಮೇಲೆ ಮಾವನವರ ಫೋಟೋ, ಕನ್ನಡಕ ಏರಿಸಿಕೊಂಡು ನಮ್ಮನ್ನೇ ನೋಡುತ್ತಿತ್ತು.

"ಅದನ್ನ ಸ್ವಲ್ಪ ಆ ಕಡೆ ತಿರುಗಿಸು" ಎಂದರು.

ಎದ್ದು ಹೋಗಿ ತಿರುಗಿಸಿದೆ. ಅತ್ತೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು, ಗೋಡೆಯ ಕಡೆ ಮುಖ ಮಾಡಿದವರಿಗೂ ಚೆನ್ನಾಗಿ ಕೇಳಿಸುವಷ್ಟು ಗಟ್ಟಿಯಾಗಿ.